ಚುಕ್ಕಿ ಮತ್ತು ಗೆರೆ: ಲಂಡನ್ನಿನ ನೆಲದಡಿಯ ರೈಲು ಕಲಿಸಿದ ಪಾಠ



ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಲಂಡನ್ ನಗರವು ಥೇಮ್ಸ್ ನದಿಯ ದಂಡೆಯ ಮೇಲಿದೆ ಎಂಬ ವಾಕ್ಯವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಪ್ಪುಹಲಗೆಯ ಮೇಲೆ ಇಂಗ್ಲೆಂಡಿನ ನಕಾಶೆ ಬರೆದು, ಆಗ್ನೇಯ ಮೂಲೆಯಲ್ಲಿ ಒಂದು ಚುಕ್ಕಿ ಇಟ್ಟು, ಅದರ ಪಕ್ಕದಲ್ಲಿ ನೀಲಿ ಸೀಮೆಸುಣ್ಣದಿಂದ ನದಿಯ ಗೆರೆ ಎಳೆದರೆ ನನ್ನ ಲಂಡನ್ ಮುಗಿಯುತ್ತಿತ್ತು. ಆ ಚುಕ್ಕಿಯೊಳಗೆ ನಾನೇ ಕಾಲಿಡುವ ಯೋಗ ಒದಗಿಬಂದದ್ದು ನಿವೃತ್ತಿಯಾಗಿ ಎಂಟು ವರ್ಷ ಕಳೆದ ಮೇಲೆ, 2016ರ ಬೇಸಿಗೆಯಲ್ಲಿ. ಮಗ ಉದ್ಯೋಗನಿಮಿತ್ತ ಅಲ್ಲಿದ್ದ. ನಾನೂ ನನ್ನ ಮನೆಯಾಕೆಯೂ ಐದು ವಾರಗಳ ಕಾಲ ಹೌನ್ಸ್ಲೋ ಎಂಬ ಬಡಾವಣೆಯಲ್ಲಿ ಅವನ ಮನೆಯಲ್ಲಿದ್ದೆವು.

ಅಲ್ಲಿನ ಅರಮನೆ, ವಸ್ತುಸಂಗ್ರಹಾಲಯ, ಗಡಿಯಾರದ ಗೋಪುರಗಳ ವಿಷಯವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಇಂದು ಬರೆಯಹೊರಟಿರುವುದು ಆ ಊರಿನ ನೆಲದಡಿಯ ರೈಲಿನ ಚರಿತ್ರೆಯನ್ನು ಮತ್ತು ಅದರಲ್ಲಿ ಓಡಾಡುತ್ತ ನಾನು ಕಂಡುಕೊಂಡ ನನ್ನದೇ ಒಂದು ಹಳೆಯ ತಪ್ಪನ್ನು. ಆ ತಪ್ಪಿಗೆ ಸಂಬಂಧಪಟ್ಟ ವ್ಯಕ್ತಿ ನನ್ನ ಹಳೆಯ ವಿದ್ಯಾರ್ಥಿ. ಆತ ಇದನ್ನು ಓದುವನೋ ಇಲ್ಲವೋ ತಿಳಿಯದು. ಓದಿದರೆ ಒಳ್ಳೆಯದು.

ಮಗ ಮೊದಲ ಭಾನುವಾರ ನಮ್ಮನ್ನು ಕರೆದೊಯ್ದು ಎಲ್ಲವನ್ನೂ ತೋರಿಸಿಕೊಟ್ಟ. ಇಬ್ಬರಿಗೂ ಬೇರೆಬೇರೆ ಆಯ್‌ಸ್ಟರ್ ಕಾರ್ಡು ಕೊಡಿಸಿದ. 2003ರಲ್ಲಿ ಬಂದ ಈ ಕಾರ್ಡನ್ನು ನಿಲ್ದಾಣದ ಗೇಟಿನ ಹಳದಿ ವೃತ್ತಕ್ಕೆ ತಾಗಿಸಿದರೆ ಗೇಟು ತೆರೆಯುತ್ತದೆ. ಇಳಿದು ಹೊರಬರುವಾಗಲೂ ಮರೆಯದೆ ತಾಗಿಸಬೇಕು; ಮರೆತರೆ ಎಲ್ಲಿಂದ ಎಲ್ಲಿಗೆ ಹೋದೆವೆಂದು ಯಂತ್ರಕ್ಕೆ ತಿಳಿಯದೆ ಹೆಚ್ಚಿನ ಹಣ ಮುರಿದುಕೊಳ್ಳುತ್ತದೆ. ದಿನವೊಂದಕ್ಕೆ ಇಷ್ಟೇ ಎಂಬ ಮಿತಿಯುಂಟು, ಅದನ್ನು ಮುಟ್ಟಿದ ಮೇಲೆ ಆ ದಿನವೆಲ್ಲ ಎಷ್ಟು ಓಡಾಡಿದರೂ ಹಣವಿಲ್ಲ. ವಾರದ ದಿನಗಳಲ್ಲಿ ಬೆಳಗಿನ ಒಂಬತ್ತೂವರೆಯೊಳಗೆ ಹೊರಡುವುದು ಪ್ರವಾಸಿಗೆ ತರವಲ್ಲ: ದರವೂ ಹೆಚ್ಚು, ಕೆಲಸಕ್ಕೆ ಹೋಗುವವರ ನೂಕುನುಗ್ಗಲೂ ಹೆಚ್ಚು. ಚಲಿಸುವ ಮೆಟ್ಟಿಲಿನ ಮೇಲೆ ಬಲಗಡೆಗೆ ನಿಲ್ಲಬೇಕು. ಎಡಗಡೆ ಅವಸರದವರಿಗೆ ಮೀಸಲು. ಎಡಗಡೆ ನಿಂತ ಅಪರಿಚಿತನನ್ನು ಯಾರೂ ಬೈಯುವುದಿಲ್ಲ, ಹಿಂದೆ ನಿಂತು ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ನನಗಂತೂ ಎರಡು ಸಲ ಹಾಗಾಯಿತು.

ದಾರಿ ಹಿಡಿಯುವ ಕ್ರಮ ಇನ್ನೂ ಸರಳ. ಒಂದೊಂದು ಮಾರ್ಗಕ್ಕೆ ಒಂದೊಂದು ಬಣ್ಣ. ಹೌನ್ಸ್ಲೋ ಮೇಲೆ ಹಾಯುವ ಪಿಕಡಿಲಿ ಮಾರ್ಗ ಕಡುನೀಲಿ, ವಿಕ್ಟೋರಿಯಾ ಮಾರ್ಗ ತಿಳಿನೀಲಿ, ಸೆಂಟ್ರಲ್ ಕೆಂಪು, ಡಿಸ್ಟ್ರಿಕ್ಟ್ ಹಸಿರು. ಮೊದಲು ಬಣ್ಣ ಹಿಡಿಯಬೇಕು, ಆಮೇಲೆ ದಿಕ್ಕು. ಸೂರ್ಯನೇ ಕಾಣದ ಪಾತಾಳದಲ್ಲಿ ಗೋಡೆಗಳ ಮೇಲೆ ಪೂರ್ವಕ್ಕೆ ಹೋಗುವವರು ಈ ಕಡೆ, ಪಶ್ಚಿಮಕ್ಕೆ ಹೋಗುವವರು ಆ ಕಡೆ ಎಂದು ಬರೆದಿರುವುದನ್ನು ಕಂಡು, ದಿಕ್ಕುಗಳ ಪಾಠ ಹೇಳಿ ಹೇಳಿ ಸವೆದ ನನಗೆ ಬಹಳ ಸಂತೋಷವಾಯಿತು. ಬಾಗಿಲ ಬಳಿ ನಿಂತಾಗ ವೇದಿಕೆಗೂ ಬಂಡಿಗೂ ನಡುವಿನ ಸಂದನ್ನು ಗಮನಿಸಿ ಎಂಬ ಪ್ರಸಿದ್ಧವಾದ ಎಚ್ಚರಿಕೆ ಕೇಳಿಸುತ್ತದೆ. ಬಾಗಿದ ವೇದಿಕೆಗಳಿರುವ ನಿಲ್ದಾಣಗಳಲ್ಲಿ ಆ ಸಂದು ನಿಜಕ್ಕೂ ದೊಡ್ಡದೇ.

ಇಷ್ಟೆಲ್ಲ ಏಕೆ ಹುಟ್ಟಿತೆಂದು ತಿಳಿಯಬೇಕಾದರೆ ಒಂದೂವರೆ ಶತಮಾನಕ್ಕೂ ಹಿಂದೆ ಹೋಗಬೇಕು. 1801ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ 1861ರ ವೇಳೆಗೆ ಇಪ್ಪತ್ತೆಂಟು ಲಕ್ಷಕ್ಕೆ ಬೆಳೆದಿತ್ತು. ಹೊರ ಊರುಗಳಿಂದ ಉಗಿಬಂಡಿಗಳು ಬರುತ್ತಿದ್ದವು ನಿಜ. ಆದರೆ ನಗರದ ಹೃದಯಭಾಗಕ್ಕೆ ರೈಲು ಬರಕೂಡದೆಂದು 1846ರಲ್ಲಿ ರಾಜನಿಯೋಜಿತ ಆಯೋಗವೊಂದು ಅಭಿಪ್ರಾಯಪಟ್ಟದ್ದರಿಂದ ದೊಡ್ಡ ನಿಲ್ದಾಣಗಳು ಅಂಚಿನಲ್ಲೇ ನಿಂತುವು. ಅಲ್ಲಿಂದ ಒಳಕ್ಕೆ ಬರಲು ಕುದುರೆಗಾಡಿ. ಗಾಡಿ ಹಿಡಿಯಲು ಕಾಸಿಲ್ಲದವರಿಗೆ ಕಾಲ್ನಡಿಗೆ. ಬೀದಿಗಳಲ್ಲಿ ಗಾಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದವು. ನಮ್ಮ ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತವನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕಷ್ಟಕ್ಕೆ ಪರಿಹಾರವನ್ನು ಬಹುಕಾಲ ಹಟಹಿಡಿದು ಸಾರಿದವನು ಚಾರ್ಲ್ಸ್ ಪಿಯರ್ಸನ್. ಆತ ಎಂಜಿನಿಯರನಲ್ಲ, ನಗರಾಡಳಿತದ ವಕೀಲ. 1845ರಲ್ಲೇ ನೆಲದಡಿಯ ರೈಲಿನ ಆಲೋಚನೆಯನ್ನು ಮುಂದಿಟ್ಟ. ಅವನ ಮನಸ್ಸಿನಲ್ಲಿದ್ದುದು ಬರೀ ವಾಹನ ದಟ್ಟಣೆಯಲ್ಲ. ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರಬೇಕಾದ್ದರಿಂದ ಬಡ ಕೂಲಿಕಾರರು ಗಾಳಿಬೆಳಕಿಲ್ಲದ ಕೇರಿಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದಾರೆ. ಅಗ್ಗದ ರೈಲಿದ್ದರೆ ಅವರು ಊರ ಹೊರಗೆ ಒಳ್ಳೆಯ ಮನೆಗಳಲ್ಲಿ ಇದ್ದುಕೊಂಡು ಕೆಲಸಕ್ಕೆ ಬಂದುಹೋಗಬಹುದು ಎಂಬುದು ಅವನ ವಾದ. ಜನ ನಕ್ಕರು. ಸುರಂಗ ಕುಸಿಯುತ್ತದೆ, ಹೊಗೆಯಲ್ಲಿ ಉಸಿರುಕಟ್ಟುತ್ತದೆ ಎಂದು ಹೆದರಿಸಿದರು. ಆದರೂ ಕಡೆಗೆ ಮೆಟ್ರೊಪಾಲಿಟನ್ ರೈಲ್ವೆ ಎಂಬ ಕಂಪನಿ ಹುಟ್ಟಿತು. ಜಾನ್ ಫೌಲರ್ ಅದರ ಎಂಜಿನಿಯರ್. ರಸ್ತೆಯನ್ನು ಉದ್ದಕ್ಕೆ ಅಗೆದು, ಹಳ್ಳದಲ್ಲಿ ಹಳಿ ಹಾಕಿ, ಇಟ್ಟಿಗೆಯ ಕಮಾನು ಕಟ್ಟಿ, ಮೇಲೆ ಮತ್ತೆ ರಸ್ತೆ ಮುಚ್ಚುವುದು ಅವರ ವಿಧಾನ. 1862ರ ಜೂನ್‌ನಲ್ಲಿ ಫ್ಲೀಟ್ ಎಂಬ ಕೊಳಚೆ ಕಾಲುವೆ ಒಡೆದು ಕಾಮಗಾರಿಯೆಲ್ಲ ನೀರಿನಲ್ಲಿ ಮುಳುಗಿತು. ಪಿಯರ್ಸನ್ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡ. ತಾನು ಕನಸಿದ ರೈಲು ಓಡಿದ್ದನ್ನು ಅವನು ನೋಡಲಿಲ್ಲ.

1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿನವರೆಗೆ, ಸುಮಾರು ಆರು ಕಿಲೋಮೀಟರ್ ದೂರ, ಏಳು ನಿಲ್ದಾಣಗಳ ಆ ಮಾರ್ಗ ಜನರಿಗೆ ತೆರೆಯಿತು. ಜಗತ್ತಿನ ಮೊದಲ ನೆಲದಡಿಯ ಪ್ರಯಾಣಿಕ ರೈಲು ಅದೇ. ಮೊದಲ ದಿನವೇ ಸುಮಾರು 38,000 ಜನ ಹತ್ತಿದರು. ಮರದ ಬಂಡಿಗಳು, ಗ್ಯಾಸ್ ದೀಪಗಳು, ಮುಂದೆ ಹೊಗೆ ಕಾರುವ ಉಗಿಯ ಎಂಜಿನ್! ಮೂರು ದರ್ಜೆಗಳಿದ್ದವು, ಮೂರನೆಯ ದರ್ಜೆಗೆ ಮೂರು ಪೆನ್ನಿ. ಮರುವರ್ಷ, 1864ರಲ್ಲಿ, ಬೆಳಗಿನ ಜಾವದಲ್ಲಿ ಕೂಲಿಕಾರರಿಗಾಗಿಯೇ ಬೇರೆ ಬಂಡಿ ಹೊರಟಿತು; ಹೋಗಿಬರಲು ಒಟ್ಟು ಮೂರು ಪೆನ್ನಿ. ಪಿಯರ್ಸನ್ನನ ಮಾತು ಅಷ್ಟರಮಟ್ಟಿಗೆ ಉಳಿಯಿತು. ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಬಡವರ ಹಿತಕ್ಕೆಂದು ಅವನು ಬಯಸಿದ ಈ ಮಾರ್ಗಕ್ಕಾಗಿ ಫ್ಲೀಟ್ ಕಣಿವೆಯಲ್ಲಿ ಬಡವರ ಮನೆಗಳನ್ನೇ ಕೆಡವಲಾಯಿತು. ಒಕ್ಕಲೆಬ್ಬಿಸಲ್ಪಟ್ಟವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಒತ್ತಾಗಿ ಸೇರಿಕೊಂಡರು. ಚರಿತ್ರೆಯ ಪಾಠದಲ್ಲಿ ಒಂದು ಸಾಧನೆಯನ್ನು ಬರೆಯುವಾಗ ಅದರ ಕೆಳಗೆ ಯಾರ ಮನೆಯಿತ್ತೆಂದು ಕೇಳುವುದನ್ನು ಮರೆಯಬಾರದೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು.

ಆ ಮೊದಲ ಏಳು ನಿಲ್ದಾಣಗಳಲ್ಲಿ ಬೇಕರ್ ಸ್ಟ್ರೀಟ್ ಒಂದು. ಅಲ್ಲಿನ ಹಳೆಯ ವೇದಿಕೆಗಳು ಇಂದಿಗೂ ಬಳಕೆಯಲ್ಲಿವೆ. ಇಟ್ಟಿಗೆಯ ಕಮಾನು, ಹೊಗೆ ಹೊರಹೋಗಲೆಂದೂ ಬೆಳಕು ಬರಲೆಂದೂ ಗೋಡೆಯಲ್ಲಿ ಕೊರೆದ ಗೂಡುಗಳು, ಎಲ್ಲವೂ ಹಾಗೆಯೇ ಇವೆ. ಪ್ರವಾಸಿಗಳು ಷರ್ಲಾಕ್ ಹೋಮ್ಸನ ಬೀದಿಯೆಂದು ಆ ನಿಲ್ದಾಣದಲ್ಲಿ ಇಳಿದು ಓಡುತ್ತಾರೆ. ಐದು ನಿಮಿಷ ಆ ವೇದಿಕೆಯ ಬೆಂಚಿನಲ್ಲಿ ಕುಳಿತರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಿಬರಬಹುದು, ಅದಕ್ಕೆ ಬೇರೆ ಟಿಕೆಟ್ಟಿಲ್ಲ.

ಅಗೆದು ಮುಚ್ಚುವ ವಿಧಾನಕ್ಕೆ ರಸ್ತೆಗಳೇ ಬೇಕು. ಕಟ್ಟಡಗಳ ಅಡಿಯಲ್ಲಿ, ನದಿಯ ಅಡಿಯಲ್ಲಿ ಹೋಗಲು ಬೇರೆ ಉಪಾಯ ಬೇಕಾಯಿತು. ಹಡಗಿನ ಮರವನ್ನು ಕೊರೆಯುವ ಹುಳುವಿನಿಂದ ಸ್ಫೂರ್ತಿ ಪಡೆದು ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ಒಂದು ದೊಡ್ಡ ಕಬ್ಬಿಣದ ಚೌಕಟ್ಟನ್ನು ರೂಪಿಸಿದ್ದ. ಅದರ ರಕ್ಷಣೆಯಲ್ಲಿ ನಿಂತು ಕೆಲಸಗಾರರು ಮುಂದಿನ ಮಣ್ಣನ್ನು ತೆಗೆಯುತ್ತ ಹೋಗುವುದು. 1825ರಲ್ಲಿ ಆರಂಭವಾದ ಅವನ ಥೇಮ್ಸ್ ಸುರಂಗ ಮುಗಿದದ್ದು 1843ರಲ್ಲಿ. ಈ ಉಪಾಯವನ್ನು ತಿದ್ದಿ, ದುಂಡಗಿನ ಕವಚವನ್ನು ಮಾಡಿ, ಲಂಡನ್ನಿನ ಮೆತ್ತನೆಯ ಜೇಡಿಮಣ್ಣಿನಲ್ಲಿ ಆಳದ ಸುರಂಗ ಕೊರೆದವನು ಜೇಮ್ಸ್ ಗ್ರೇಟ್‌ಹೆಡ್. 1890ರಲ್ಲಿ ಅವನ ಸುರಂಗದಲ್ಲಿ ವಿದ್ಯುತ್ತಿನಿಂದ ಓಡುವ ರೈಲು ಬಂತು. ಹೊರಗೆ ನೋಡಲು ಏನಿದೆ ಎಂಬ ಯೋಚನೆಯಿಂದ ಆ ಬಂಡಿಗಳಿಗೆ ಕಿಟಕಿಯನ್ನೇ ಸರಿಯಾಗಿ ಇಟ್ಟಿರಲಿಲ್ಲವಂತೆ. ಜನ ಅವನ್ನು ಮೆತ್ತೆ ಹೊದಿಸಿದ ಜೈಲುಕೋಣೆ ಎಂದು ಹಾಸ್ಯಮಾಡಿದರು. 1900ರಲ್ಲಿ ಸೆಂಟ್ರಲ್ ಮಾರ್ಗ ಎಲ್ಲಿಂದ ಎಲ್ಲಿಗಾದರೂ ಎರಡೇ ಪೆನ್ನಿ ಎಂಬ ದರದಲ್ಲಿ ತೆರೆದು ಜನಪ್ರಿಯವಾಯಿತು. ಕೊಳವೆಯಂಥ ಈ ಸುರಂಗಗಳಿಂದಲೇ ಇಡೀ ವ್ಯವಸ್ಥೆಗೆ ಟ್ಯೂಬ್ ಎಂಬ ಅಡ್ಡಹೆಸರು ಅಂಟಿತು. ಪಿಕಡಿಲಿ ಮಾರ್ಗದಲ್ಲಿ ಬಾಗಿಲ ಬಳಿ ನಿಂತು ಬಂಡಿಯ ದುಂಡು ಮಾಡಿಗೆ ತಲೆ ತಾಗಿಸಿಕೊಂಡವರಿಗೆ ಈ ಹೆಸರಿನ ಅರ್ಥ ಬೇಗ ತಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಚಾರ್ಲ್ಸ್ ಯರ್ಕ್ಸ್ ಎಂಬ ಅಮೆರಿಕದ ಹಣವಂತ ಬಂದ. ತನ್ನ ದೇಶದಲ್ಲಿ ಹಣಕಾಸಿನ ಅಪರಾಧಕ್ಕಾಗಿ ಜೈಲು ಕಂಡುಬಂದಿದ್ದವನು. ಅವನು ಹೊಂದಿಸಿದ ಬಂಡವಾಳದಿಂದ 1906 ಮತ್ತು 1907ರಲ್ಲಿ ಮೂರು ಆಳದ ಮಾರ್ಗಗಳು ತೆರೆದುವು. ಅಷ್ಟರಲ್ಲಿ, 1905ರಲ್ಲೇ, ಅವನೂ ತೀರಿಕೊಂಡಿದ್ದ. ಅವನ ಕಾಲದ ನಿಲ್ದಾಣಗಳನ್ನು ರೂಪಿಸಿದ ಲೆಸ್ಲಿ ಗ್ರೀನ್ ಹೊರಗೋಡೆಗೆ ಎತ್ತಿನ ರಕ್ತದ ಬಣ್ಣದ ಹೊಳೆಯುವ ಹೆಂಚು ಹೊದಿಸಿದ. ಒಳಗೆ ಒಂದೊಂದು ನಿಲ್ದಾಣದ ವೇದಿಕೆಗೂ ಬೇರೆಬೇರೆ ಬಣ್ಣದ, ಬೇರೆಬೇರೆ ವಿನ್ಯಾಸದ ಹೆಂಚು. ದಿನವೂ ಬಂದುಹೋಗುವವನು ಹೆಸರನ್ನು ಓದದೆಯೇ, ಗೋಡೆಯ ವಿನ್ಯಾಸ ನೋಡಿಯೇ ತನ್ನ ನಿಲ್ದಾಣವನ್ನು ಗುರುತು ಹಿಡಿಯಬಹುದಿತ್ತು. ಅನಂತರ ಫ್ರಾಂಕ್ ಪಿಕ್ ಎಂಬ ಅಧಿಕಾರಿಯ ಆಸ್ಥೆಯಿಂದ ಕೆಂಪು ವೃತ್ತಕ್ಕೆ ನೀಲಿ ಪಟ್ಟಿಯ ಗುರುತು ಊರೆಲ್ಲ ಹರಡಿತು. 1916ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಎಂಬ ಅಕ್ಷರಕಲಾವಿದ ದೂರದಿಂದಲೂ ಸ್ಪಷ್ಟವಾಗಿ ಕಾಣುವ ಸರಳ ಅಕ್ಷರಗಳನ್ನು ರೂಪಿಸಿಕೊಟ್ಟ.

ಈಗ ನಕಾಶೆಯ ವಿಷಯಕ್ಕೆ ಬರುತ್ತೇನೆ.

ಮಗ ಕೊಟ್ಟ ಮಡಿಸುವ ನಕಾಶೆಯನ್ನು ಮೊದಲು ನೋಡಿದಾಗ ನನ್ನ ಮೇಷ್ಟರ ಬುದ್ಧಿ ಸುಮ್ಮನಿರಲಿಲ್ಲ. ಗೆರೆಗಳೆಲ್ಲ ನೇರ, ಅಡ್ಡ, ಉದ್ದ, ಇಲ್ಲವೆ ನಲವತ್ತೈದು ಡಿಗ್ರಿಯ ಓರೆ. ನಿಲ್ದಾಣಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಸಮ. ಪ್ರಮಾಣವೇ ಇಲ್ಲ! ಥೇಮ್ಸ್ ನದಿಯೊಂದನ್ನು ಬಿಟ್ಟರೆ ನೆಲದ ಮೇಲಿನ ಯಾವ ಗುರುತೂ ಇಲ್ಲ. ಆ ನದಿಯೂ ಸ್ಕೇಲು ಹಿಡಿದು ಎಳೆದಂತಿತ್ತು. ಇದು ನಕಾಶೆಯೇ ಅಲ್ಲವೆಂದು ನಾನು ಹೇಳಿದೆ. ನನ್ನ ಮನೆಯಾಕೆ ಅದನ್ನು ಕೈಗೆ ತೆಗೆದುಕೊಂಡು, "ಚುಕ್ಕಿ ರಂಗೋಲಿ ಇದ್ದಹಾಗಿದೆ" ಎಂದಳು.

ನಕಾಶೆಯನ್ನು ನಂಬಿ ಮೂರನೆಯ ದಿನವೇ ನಾನೊಂದು ಪೆದ್ದುತನ ಮಾಡಿದೆ. ಲೆಸ್ಟರ್ ಸ್ಕ್ವೇರಿನಲ್ಲಿದ್ದ ನಮಗೆ ಪಕ್ಕದ ಕೋವೆಂಟ್ ಗಾರ್ಡನ್ನಿಗೆ ಹೋಗಬೇಕಿತ್ತು. ಮೆಟ್ಟಿಲಿಳಿದು, ರೈಲಿಗೆ ಕಾದು, ಹತ್ತಿ, ಕುಳಿತುಕೊಳ್ಳುವಷ್ಟರಲ್ಲಿ ನಿಲ್ದಾಣ ಬಂತು. ಎರಡರ ನಡುವಿನ ದೂರ ಸುಮಾರು 260 ಮೀಟರ್, ಅಲ್ಲಿನ ಅತ್ಯಂತ ಹತ್ತಿರದ ಜೋಡಿ ನಿಲ್ದಾಣಗಳು ಅವೇ! ಮೇಲೆ ನಡೆದಿದ್ದರೆ ಐದು ನಿಮಿಷವೂ ಬೇಕಿರಲಿಲ್ಲ. ನಕಾಶೆ ಸುಳ್ಳು ಹೇಳಿತೆಂದು ಸಂಜೆ ಮಗನೊಡನೆ ಜಗಳಕ್ಕೇ ನಿಂತೆ. ಅವನು ನಕ್ಕು, ಆ ನಕಾಶೆಯ ಕಥೆಯನ್ನು ಓದಿಕೊಳ್ಳಿ ಎಂದ. ಓದಿಕೊಂಡೆ.

ಅದನ್ನು ರಚಿಸಿದವನು ಹ್ಯಾರಿ ಬೆಕ್. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ವಿದ್ಯುತ್ ಮಂಡಲಗಳ ನಕ್ಷೆ ಬರೆಯುತ್ತಿದ್ದ ಸಾಮಾನ್ಯ ನೌಕರ. 1931ರಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದಾಗ ಇದನ್ನು ಬಿಡುವಿನಲ್ಲಿ ಬರೆದ. ಅದುವರೆಗಿನ ನಕಾಶೆಗಳು ನೆಲದ ಮೇಲಿನ ನಿಜವಾದ ದೂರವನ್ನೂ ತಿರುವನ್ನೂ ತೋರಿಸುತ್ತಿದ್ದವು. ಪರಿಣಾಮವಾಗಿ ನಡುವಿನ ಊರು ಗಿಜಿಗುಟ್ಟಿ ಓದಲಾಗುತ್ತಿರಲಿಲ್ಲ, ಹೊರವಲಯ ಖಾಲಿ ಬಿದ್ದಿರುತ್ತಿತ್ತು. ಬೆಕ್ ಕೇಳಿಕೊಂಡ ಪ್ರಶ್ನೆ ಒಂದೇ: ಸುರಂಗದೊಳಗೆ ಕುಳಿತವನಿಗೆ ಏನು ತಿಳಿಯಬೇಕು? ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು, ಎಷ್ಟನೆಯ ನಿಲ್ದಾಣದಲ್ಲಿ ಇಳಿಯಬೇಕು, ಇಷ್ಟು ಸಾಕು. ಮೇಲೆ ರಸ್ತೆ ಹೇಗೆ ಬಾಗಿದೆಯೆಂಬುದು ಅವನಿಗೆ ಬೇಡ. ಅಧಿಕಾರಿಗಳು ಮೊದಲು ಇದನ್ನು ತಿರಸ್ಕರಿಸಿದರು. ದೂರವನ್ನೂ ದಿಕ್ಕನ್ನೂ ಸರಿಯಾಗಿ ತೋರಿಸದ ಇದನ್ನು ಜನ ಒಪ್ಪಲಾರರೆಂದು ಅವರಿಗೆ ಅನ್ನಿಸಿತು. ಬೆಕ್ ಬಿಡದೆ ಮತ್ತೆ ಸಲ್ಲಿಸಿದ. 1933ರ ಜನವರಿಯಲ್ಲಿ ಅದು ಅಚ್ಚಾಗಿ ಜನರ ಕೈಸೇರಿತು. ಜನ ಯಾವ ತಕರಾರೂ ಇಲ್ಲದೆ ಮಡಿಸಿ ಜೇಬಿಗೆ ಹಾಕಿಕೊಂಡರು. 1960ರಲ್ಲಿ ಬೆಕ್‌ನನ್ನು ಬದಿಗೊತ್ತಿ ಬೇರೊಬ್ಬರ ಹೆಸರಿನಲ್ಲಿ ಹೊಸ ನಕಾಶೆ ಬಂತು. ಅವನು ಬಹುಕಾಲ ಹೋರಾಡಿ ಸೋತು 1974ರಲ್ಲಿ ತೀರಿಕೊಂಡ. ಇದರ ಮೂಲ ಕಲ್ಪನೆ ಹ್ಯಾರಿ ಬೆಕ್‌ನದು ಎಂಬ ಮಾತು ನಕಾಶೆಯ ಅಂಚಿನಲ್ಲಿ ಅಚ್ಚಾಗತೊಡಗಿದ್ದು ಅವನು ಸತ್ತು ಇಪ್ಪತ್ತು ವರ್ಷಗಳ ಮೇಲೆ.

ಇದನ್ನು ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

1980ರ ದಶಕದ ನಡುವಿನಲ್ಲಿ ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಗೆ ನಕಾಶೆಯ ಪಾಠ ಮುಗಿಸಿ, ಮನೆಯಿಂದ ಶಾಲೆಗೆ ಬರುವ ದಾರಿಯ ನಕಾಶೆ ಬರೆದು ತರಲು ಹೇಳಿದ್ದೆ. ದಿಕ್ಕು, ಪ್ರಮಾಣ, ಸೂಚಿ, ಮೂರೂ ಇರಬೇಕೆಂದು ಒತ್ತಿ ಹೇಳಿದ್ದೆ. ದೂರದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ಒಂದು ಉದ್ದ ಗೆರೆ ಎಳೆದು, ಅದರ ಮೇಲೆ ಸಮ ಅಂತರದಲ್ಲಿ ಆರು ಚುಕ್ಕಿ ಇಟ್ಟು, ಪಕ್ಕದಲ್ಲಿ ಅರಳಿಕಟ್ಟೆ, ಹಿಟ್ಟಿನ ಗಿರಣಿ, ಸೇತುವೆ, ಸೊಸೈಟಿ ಅಂಗಡಿ, ಬಸ್‌ಸ್ಟ್ಯಾಂಡು ಎಂದು ಒಂದೊಂದರ ಚಿತ್ರ ಬರೆದು, ಬಸ್‌ಸ್ಟ್ಯಾಂಡಿನಲ್ಲಿ ಗೆರೆಯನ್ನು ಮೂಲೆಮಟ್ಟಕ್ಕೆ ತಿರುಗಿಸಿ ಶಾಲೆಗೆ ಮುಟ್ಟಿಸಿದ್ದ. ಅರ್ಧ ಮೈಲಿಯೂ ಒಂದೇ, ಎರಡು ಮೈಲಿಯೂ ಒಂದೇ. ನಾನು ಅದನ್ನು ತರಗತಿಗೆ ಎತ್ತಿ ತೋರಿಸಿ, "ಇದು ನಕಾಶೆಯಲ್ಲಪ್ಪ, ಬಟ್ಟೆ ಒಣಗಹಾಕುವ ಹಗ್ಗ" ಎಂದೆ. ತರಗತಿಯೆಲ್ಲ ನಕ್ಕಿತು. ಹತ್ತಕ್ಕೆ ಸೊನ್ನೆ ಹಾಕಿದೆ. ಆ ಹುಡುಗ ಎದ್ದು ನಿಂತು ಮೆಲ್ಲಗೆ, "ಇದನ್ನ ಹಿಡ್ಕಂಡು ನಮ್ಮಜ್ಜಿನೂ ಸ್ಕೂಲಿಗೆ ಬತ್ತದೆ ಸಾ" ಎಂದ. ಎದುರುತ್ತರವೆಂದು ಗದರಿಸಿ ಕೂರಿಸಿದೆ. ಅವನ ಮಾತಿನಲ್ಲಿ ಅರ್ಥವಿದ್ದೀತೆಂದು ಅಂದು ನನಗೆ ಹೊಳೆಯಲಿಲ್ಲ. ಬೆಕ್‌ನನ್ನು ತಿರಸ್ಕರಿಸಿದ ಆ ಅಧಿಕಾರಿಗಳ ಕುರ್ಚಿಯಲ್ಲಿ ಹಾಸನ ಜಿಲ್ಲೆಯಲ್ಲಿ ನಾನೇ ಕುಳಿತಿದ್ದೆ.

ಓದಿ ತಿಳಿದದ್ದು ಒಂದು, ಅನುಭವಕ್ಕೆ ಬಂದದ್ದು ಇನ್ನೊಂದು. ಎರಡನೆಯದು ನಡೆದದ್ದು ನಾವಿಬ್ಬರೇ ಬಸವಣ್ಣನವರ ಪ್ರತಿಮೆಯನ್ನು ನೋಡಲು ಹೊರಟ ದಿನ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಸ್ಥಾಪಿತವಾದ ಆ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದರು. ಮಗ ದಾರಿ ಹೇಳಿಕೊಟ್ಟಿದ್ದ: ಕಡುನೀಲಿಯಲ್ಲಿ ಗ್ರೀನ್ ಪಾರ್ಕಿನವರೆಗೆ, ಅಲ್ಲಿ ತಿಳಿನೀಲಿಗೆ ಬದಲಾಯಿಸಿ ದಕ್ಷಿಣಕ್ಕೆ, ವಿಕ್ಟೋರಿಯಾ, ಪಿಮ್ಲಿಕೋ, ವಾಕ್ಸ್‌ಹಾಲ್, ಮೂರನೆಯದರಲ್ಲಿ ಇಳಿಯುವುದು. ಬ್ಯಾರನ್ಸ್ ಕೋರ್ಟ್ ದಾಟುವವರೆಗೆ ರೈಲು ನೆಲದ ಮೇಲೆಯೇ ಓಡಿ ಆಮೇಲೆ ಸುರಂಗ ಹೊಕ್ಕಿತು. ಗ್ರೀನ್ ಪಾರ್ಕಿನಲ್ಲಿ ಇಳಿದು ಉದ್ದನೆಯ ಓಣಿಯಲ್ಲಿ ನಡೆದು ತಿಳಿನೀಲಿಯ ವೇದಿಕೆಗೆ ಬಂದೆವು. ರೈಲು ನಿಂತಿತ್ತು. ಅವಳು ಹತ್ತಿದಳು. ಇಳಿಯುವವರೊಬ್ಬರ ದೊಡ್ಡ ಪೆಟ್ಟಿಗೆಗೆ ದಾರಿ ಬಿಡಲು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಅವಳ ಮುಖ ಒಂದು ಕ್ಷಣ ಕಂಡು ಸುರಂಗದೊಳಗೆ ಮರೆಯಾಯಿತು.

ಅವಳ ಬಳಿ ಫೋನಿರಲಿಲ್ಲ. ಇದ್ದರೂ ಆಗ ಆ ಸುರಂಗದಲ್ಲಿ ಸಿಗ್ನಲ್ ಇರಲಿಲ್ಲ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಇಂಗ್ಲಿಷ್ ಅಕ್ಷರ ಗೊತ್ತು, ಮಾತು ಬಾರದು. ಎರಡು ನಿಮಿಷದಲ್ಲಿ ಬಂದ ಮುಂದಿನ ರೈಲಿಗೆ ಹಾರಿ ವಿಕ್ಟೋರಿಯಾದಲ್ಲಿ ಇಳಿದೆ. ಅವಳು ಗಾಬರಿಯಾಗಿ ಮೊದಲ ನಿಲ್ದಾಣದಲ್ಲೇ ಇಳಿದಿರುತ್ತಾಳೆಂದು ನನ್ನ ಎಣಿಕೆ. ವೇದಿಕೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿದೆ. ಇಲ್ಲ. ನನ್ನ ಕೈ ನಡುಗುವುದನ್ನು ಕಂಡು ನಿಲ್ದಾಣದ ಸಿಬ್ಬಂದಿಯೊಬ್ಬರು ಬಳಿ ಬಂದು ವಿಚಾರಿಸಿದರು. ಎಲ್ಲವನ್ನೂ ಕೇಳಿ ಶಾಂತವಾಗಿ, "ನೀವಿಬ್ಬರೂ ಎಲ್ಲಿಗೆ ಹೊರಟಿದ್ದಿರಿ?" ಎಂದರು. ವಾಕ್ಸ್‌ಹಾಲ್ ಎಂದೆ. "ಹಾಗಾದರೆ ಮೊದಲು ಅಲ್ಲಿ ನೋಡಿ" ಎಂದರು.

ಆ ಎರಡು ನಿಲ್ದಾಣಗಳ ದಾರಿಯಲ್ಲಿ ನನ್ನ ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಈ ಸುರಂಗಗಳ ಒಳ್ಳೆಯ ಚರಿತ್ರೆಯನ್ನಷ್ಟೇ ಓದಿದವನಲ್ಲ ನಾನು. 1940ರ ಸೆಪ್ಟೆಂಬರಿನಲ್ಲಿ ಜರ್ಮನರ ಬಾಂಬು ಬೀಳತೊಡಗಿದಾಗ ಸುರಂಗಗಳಲ್ಲಿ ಮಲಗಬಾರದೆಂದು ಸರ್ಕಾರ ಹೇಳಿದರೂ ಜನ ಟಿಕೆಟು ಕೊಂಡು ಒಳಗಿಳಿದು ಹೊರಬರಲಿಲ್ಲ. ಒಂದು ರಾತ್ರಿ ಸುಮಾರು 1,77,000 ಮಂದಿ ವೇದಿಕೆಗಳ ಮೇಲೆ ಮಲಗಿದ್ದರು. 1943ರ ಮಾರ್ಚ್ 3ರ ರಾತ್ರಿ ಬೆತ್ನಲ್ ಗ್ರೀನ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಜನ ಹೊಸ ಫಿರಂಗಿಯ ಸದ್ದಿಗೆ ಬೆದರಿ ಮುನ್ನುಗ್ಗಿದರು. ಕತ್ತಲು, ಒದ್ದೆ ಮೆಟ್ಟಿಲು. ಯಾರೋ ಎಡವಿದರು, ಒಬ್ಬರ ಮೇಲೊಬ್ಬರು ಬಿದ್ದು 173 ಜನ ಸತ್ತರು, ಅವರಲ್ಲಿ 62 ಮಕ್ಕಳು. ಬಾಂಬು ಬಿದ್ದೇ ಇರಲಿಲ್ಲ. ಮೆಟ್ಟಿಲ ನಡುವೆ ಹಿಡಿದುಕೊಳ್ಳಲು ಒಂದು ಕಂಬಿ ಇರಲಿಲ್ಲ. ಅದನ್ನು ಹಾಕಿದ್ದು ಆಮೇಲೆ. 1987ರ ನವೆಂಬರ್ 18ರಂದು ಕಿಂಗ್ಸ್ ಕ್ರಾಸಿನಲ್ಲಿ ಮರದ ಚಲಿಸುವ ಮೆಟ್ಟಿಲಿನ ಅಡಿಗೆ ಬಿದ್ದ ಒಂದು ಬೆಂಕಿಕಡ್ಡಿಯಿಂದ 31 ಜನ ಸತ್ತರು. 2005ರ ಜುಲೈ 7ರಂದು ಮೂರು ರೈಲುಗಳಲ್ಲೂ ಒಂದು ಬಸ್ಸಿನಲ್ಲೂ ಭಯೋತ್ಪಾದಕರು ಸಿಡಿಸಿದ ಬಾಂಬುಗಳಿಗೆ 52 ಮಂದಿ ಬಲಿಯಾದರು. ಅಂಥ ನೆಲದಡಿಯಲ್ಲಿ ಭಾಷೆ ಬಾರದ ಹೆಂಗಸನ್ನು ಒಂಟಿಯಾಗಿ ಬಿಟ್ಟೆನಲ್ಲ ಎಂದು ನನ್ನನ್ನು ನಾನೇ ಶಪಿಸಿಕೊಂಡೆ.

ವಾಕ್ಸ್‌ಹಾಲಿನಲ್ಲಿ ಬಾಗಿಲು ತೆರೆದಾಗ ಎದುರಿನ ಬೆಂಚಿನಲ್ಲೇ ಅವಳು ಕುಳಿತಿದ್ದಳು. ತೊಡೆಯ ಮೇಲೆ ಕೈಚೀಲ, ಕೈಯಲ್ಲಿ ಆ ನಕಾಶೆ.

"ಎಲ್ಲಿಗೆ ಹೋಗಿದ್ರಿ? ನಾನು ಬಂದು ಎಷ್ಟೊತ್ತಾಯ್ತು!" ಎಂದಳು.

"ನಿನಗೆ ಭಯವಾಗಲಿಲ್ಲವೇ?"

"ಮೊದಲು ಆಯ್ತು ರೀ. ಆಮೇಲೆ ಬಾಗಿಲ ಮೇಲೆ ಇದೇ ತಿಳಿನೀಲಿ ಗೆರೆ ಬರೆದಿತ್ತು. ಮೂರು ಚುಕ್ಕಿ ಆದಮೇಲೆ ಇಳಿಯೋದು ಅಂತ ಅವನು ಹೇಳಿದ್ನಲ್ಲ, ಎಣಿಸಿದೆ. ಮನೇಲಿ ದಿನಾ ಬೆಳಿಗ್ಗೆ ಬಾಗಿಲಿಗೆ ಚುಕ್ಕಿ ಎಣಿಸೋದಿಲ್ವೇ?"

ನಾನು ಏನೂ ಹೇಳಲಿಲ್ಲ. ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತೆ. ಹಳ್ಳಿಯ ಆ ಹುಡುಗನ ಅಜ್ಜಿ ಅವನ ನಕಾಶೆ ಹಿಡಿದು ನಿಜಕ್ಕೂ ಶಾಲೆಗೆ ಬರುತ್ತಿದ್ದಳು ಎಂಬುದರಲ್ಲಿ ನನಗೆ ಆ ಕ್ಷಣ ಸಂಶಯ ಉಳಿಯಲಿಲ್ಲ.

ಅಲ್ಲಿಂದ ನದಿಯ ದಂಡೆಗುಂಟ ನಡೆದು ಬಸವಣ್ಣನವರ ಪ್ರತಿಮೆಯ ಮುಂದೆ ನಿಂತೆವು. ಸಂಸ್ಕೃತ ಬಲ್ಲವರಿಗಷ್ಟೇ ಮೀಸಲಾಗಿದ್ದ ಅರಿವನ್ನು ಹನ್ನೆರಡನೆಯ ಶತಮಾನದಲ್ಲಿ ಕೂಲಿಯವರ, ಕಾಯಕದವರ ಮಾತಿನಲ್ಲಿ ನುಡಿದ ಮಹನೀಯರು ಅವರು. ತಿಳಿದವನಿಗೆ ಮೆಚ್ಚಿಗೆಯಾಗುವಂತೆ ಹೇಳುವುದು ಸುಲಭ, ತಿಳಿಯಬೇಕಾದವನಿಗೆ ದಾರಿ ಕಾಣುವಂತೆ ಹೇಳುವುದು ಕಷ್ಟ ಎಂಬುದು ಅಂದು ಅವರ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದ ಮಾತು.

ಇಂದು ಲಂಡನ್ನಿನ ಈ ವ್ಯವಸ್ಥೆಯಲ್ಲಿ 11 ಮಾರ್ಗಗಳೂ 272 ನಿಲ್ದಾಣಗಳೂ ಸುಮಾರು 400 ಕಿಲೋಮೀಟರ್ ಹಳಿಯೂ ಇವೆ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ನೆಲದಡಿಯಲ್ಲಿದೆ ಎಂಬುದು ಅನೇಕರಿಗೆ ಆಶ್ಚರ್ಯ. ನಮ್ಮ ದೇಶದಲ್ಲಿ 1984ರಲ್ಲಿ ಕೋಲ್ಕತ್ತದಲ್ಲೂ 2011ರಲ್ಲಿ ಬೆಂಗಳೂರಿನಲ್ಲೂ ಮೆಟ್ರೊ ಬಂತು. ನೇರಳೆ, ಹಸಿರು, ಹಳದಿ ಎಂದು ಬಣ್ಣದ ಹೆಸರು ಹಿಡಿದು ಮಾತಾಡುವ ನಮ್ಮ ಮೊಮ್ಮಕ್ಕಳು ಬೆಕ್‌ನ ಹೆಸರು ಕೇಳಿರಲಾರರು. ಅವನಿಗೆ ಅದರಿಂದ ಬೇಸರವಾಗದೆಂದು ನನ್ನ ಊಹೆ.

ವಿದೇಶ ಪ್ರವಾಸಕ್ಕೆ ಹೊರಡುವ ನನ್ನ ವಯಸ್ಸಿನ ಬಂಧುಗಳಿಗೆ ಒಂದು ಮಾತು. ಜೊತೆಯವರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮನೆಯಲ್ಲೇ ಮಾತಾಡಿಕೊಂಡು ಹೊರಡಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನಕಾಶೆ ಇರಲಿ. ಮನೆಯಲ್ಲಿ ಇಂಗ್ಲಿಷ್ ಬಲ್ಲವರೊಬ್ಬರೇ ಎಲ್ಲವನ್ನೂ ಹಿಡಿದುಕೊಳ್ಳಬೇಡಿ.

ಕಡೆಯ ಮಾತು ಆ ಹುಡುಗನಿಗೆ. ನಿನಗೆ ಈಗ ಐವತ್ತು ದಾಟಿರಬೇಕು. ನಿನ್ನ ಹೆಸರು ನನಗೆ ಚೆನ್ನಾಗಿ ನೆನಪಿದೆ. ನಾಲ್ಕು ಜನರೆದುರು ಒಮ್ಮೆ ನಿನ್ನನ್ನು ನಗೆಪಾಟಲು ಮಾಡಿದ್ದು ಸಾಕು, ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನ್ನ ನಕಾಶೆಯಲ್ಲಿ ಪ್ರಮಾಣ ಇರಲಿಲ್ಲ, ಆ ಮಾತನ್ನು ಈಗಲೂ ಹೇಳುತ್ತೇನೆ. ಆದರೆ ದಾರಿ ಇತ್ತು. ಹತ್ತಕ್ಕೆ ಹತ್ತು ಕೊಡುವ ಅಧಿಕಾರ ಈಗ ನನಗಿಲ್ಲ, ಹಾಜರಿ ಪುಸ್ತಕವೂ ನನ್ನ ಬಳಿ ಇಲ್ಲ. ಈ ಕಡೆ ಬಂದಾಗ ಮನೆಗೆ ಬಾ. ನಿನ್ನ ಅಮ್ಮನಂತೆ ಒಬ್ಬರಿದ್ದಾರೆ, ಚುಕ್ಕಿಯ ವಿಷಯ ನನಗಿಂತ ಚೆನ್ನಾಗಿ ಬಲ್ಲರು. ಊಟ ಮಾಡಿಕೊಂಡು ಹೋಗುವೆಯಂತೆ.